ಪ್ರೋಗ್ರಾಂ ವಿಶ್ಲೇಷಣೆಗೆ ಲ್ಯಾಟಿಸ್ ಬರೆಯುವುದು ಹೇಗೆ: ಒಂದು ಅರ್ಥಕ್ಕೆ ಒಂದೇ ರೂಪ

ಕೋಡನ್ನು ಓಡಿಸದೆಯೇ ಅದರ ವೇರಿಯಬಲ್‌ಗಳಲ್ಲಿ ಯಾವ ಯಾವ ಬೆಲೆ ಬರಬಹುದೆಂದು ಲೆಕ್ಕ ಹಾಕುವುದು ಪ್ರೋಗ್ರಾಂ ವಿಶ್ಲೇಷಣೆಯ ಕೆಲಸ. ಈ ಇಂಡೆಕ್ಸ್ ಅರೇಯ ಹೊರಗೆ ಹೋಗುತ್ತದೆಯೇ? ಈ ಭಾಜಕ ಸೊನ್ನೆಯಾಗುತ್ತದೆಯೇ? ಬರಬಹುದಾದ ಬೆಲೆಗಳನ್ನೆಲ್ಲ ಪಟ್ಟಿ ಮಾಡಿ ಉತ್ತರ ಹೇಳಲು ಆಗುವುದಿಲ್ಲ, ಪಟ್ಟಿ ಅಷ್ಟು ಉದ್ದ. ಹಾಗಾಗಿ ಪಟ್ಟಿಯ ಬದಲು ಚಿಕ್ಕದೊಂದು ವಿವರಣೆ ಇಟ್ಟುಕೊಳ್ಳುತ್ತೇವೆ: ‘ಧನ ಸಂಖ್ಯೆ’, ‘0ಯಿಂದ 99ರ ಒಳಗೆ’, ‘ಕೊನೆಯ ಬಿಟ್ 0’. ಇದೇ ಅಮೂರ್ತ ಮೌಲ್ಯ. ಯಾವ ವಿವರಣೆ ಹೆಚ್ಚು ನಿಖರ ಎಂಬ ಕ್ರಮ ಮತ್ತು ಎರಡು ವಿವರಣೆಗಳನ್ನು ಒಂದಾಗಿಸುವ ನಿಯಮ, ಇವೆರಡೂ ಸೇರಿದರೆ ಲ್ಯಾಟಿಸ್.

ಗ್ಯಾರಿ ಕಿಲ್ಡಾಲ್ 1973ರಲ್ಲಿ ಕಂಪೈಲರ್ ಆಪ್ಟಿಮೈಸೇಷನ್‌ಗೆ ಲ್ಯಾಟಿಸ್ ಬಳಸುವ ದಾರಿ ತೋರಿದರು. ಪ್ಯಾಟ್ರಿಕ್ ಕುಸೊ ಮತ್ತು ರಾಧಿಯಾ ಕುಸೊ 1977ರಲ್ಲಿ ಅದಕ್ಕೆ ಅಬ್‌ಸ್ಟ್ರ್ಯಾಕ್ಟ್ ಇಂಟರ್‌ಪ್ರಿಟೇಷನ್ ಎಂಬ ಗಟ್ಟಿ ತಳಹದಿ ಹಾಕಿದರು. ಆ ಸಿದ್ಧಾಂತ ಪಠ್ಯಪುಸ್ತಕಗಳಲ್ಲಿ ಚೆನ್ನಾಗಿಯೇ ಇದೆ. ಅದನ್ನು ಟೈಪ್ ಮತ್ತು ಫಂಕ್ಷನ್‌ಗಳಾಗಿ ಬರೆಯುವಾಗಿನ ನಿರ್ಧಾರಗಳು ಮಾತ್ರ ಅಲ್ಲಿ ಹೆಚ್ಚು ಸಿಗುವುದಿಲ್ಲ. ತಪ್ಪುಗಳು ಹುಟ್ಟುವುದು ಬಹುಪಾಲು ಆ ನಿರ್ಧಾರಗಳಲ್ಲೇ.

ಇಲ್ಲಿನ ಉದಾಹರಣೆಗಳೆಲ್ಲ 64 ಬಿಟ್‌ನ, ಚಿಹ್ನೆಯುಳ್ಳ ಪೂರ್ಣಾಂಕಗಳ ಬಗ್ಗೆ. ಲೆಕ್ಕ ಉಕ್ಕಿದರೆ ಬೆಲೆ ಆ ಕಡೆಯಿಂದ ಸುತ್ತಿ ಬರುತ್ತದೆ ಎಂದಿಟ್ಟುಕೊಳ್ಳಿ. ಪ್ರೋಗ್ರಾಂ ಓಡುವಾಗ ಬರುವುದನ್ನು ‘ಬೆಲೆ’ ಎಂದೂ ವಿಶ್ಲೇಷಣೆ ಹಿಡಿದಿಡುವುದನ್ನು ‘ಮೌಲ್ಯ’ ಎಂದೂ ಕರೆಯುತ್ತೇವೆ.

ಹಂತ 1: ದಿಕ್ಕನ್ನು ಬರೆದಿಡಿ

ಲ್ಯಾಟಿಸ್‌ನ ಮೇಲು-ಕೆಳಗಿನ ಬಗ್ಗೆ ಎರಡು ಸಂಪ್ರದಾಯಗಳಿವೆ. ಲ್ಯಾಟಿಸ್‌ನ ತುತ್ತತುದಿ ಟಾಪ್ (⊤), ಬುಡ ಬಾಟಮ್ (⊥). ಎರಡು ಮೌಲ್ಯಗಳಿಗೂ ಮೇಲಿರುವವುಗಳಲ್ಲಿ ಅತಿ ಕೆಳಗಿನದನ್ನು ಕೊಡುವುದು ಜಾಯಿನ್, ಎರಡಕ್ಕೂ ಕೆಳಗಿರುವವುಗಳಲ್ಲಿ ಅತಿ ಮೇಲಿನದನ್ನು ಕೊಡುವುದು ಮೀಟ್. ಕಿಲ್ಡಾಲ್ ದಾರಿಯಲ್ಲಿ, ಮುಂದೆ 1991ರಲ್ಲಿ ವೆಗ್‌ಮನ್ ಮತ್ತು ಜಾಡೆಕ್ ಪ್ರಕಟಿಸಿದ ಕಾನ್‌ಸ್ಟಂಟ್ ಪ್ರಾಪಗೇಷನ್‌ನಲ್ಲೂ (ಯಾವ ವೇರಿಯಬಲ್ ಸ್ಥಿರಾಂಕವೆಂದು ಹುಡುಕುವ ವಿಧಾನ), ಟಾಪ್ ಎಂದರೆ ‘ಇನ್ನೂ ಏನೂ ಗೊತ್ತಾಗಿಲ್ಲ’. ಮೀಟ್ ಮಾಡುತ್ತ ಕೆಳಗಿಳಿಯಬೇಕು. ಕುಸೊ ದಾರಿಯಲ್ಲಿ ಬಾಟಮ್ ಎಂದರೆ ‘ಇಲ್ಲಿಗೆ ಯಾವ ಬೆಲೆಯೂ ಬರುವುದಿಲ್ಲ’. ಜಾಯಿನ್ ಮಾಡುತ್ತ ಮೇಲೇರಬೇಕು. ಎರಡೂ ಸರಿ. ಒಂದೇ ಫೈಲಿನಲ್ಲಿ ಎರಡೂ ಬೆರೆತರೆ ಮಾತ್ರ ಅನಾಹುತ. ಎಲ್‌ಎಲ್‌ವಿಎಂ ಕಂಪೈಲರ್ ತನ್ನ ಲ್ಯಾಟಿಸ್ ಕೋಡ್‌ನಲ್ಲಿ ಟಾಪ್, ಬಾಟಮ್ ಪದಗಳ ಬದಲು ‘ಅನ್‌ನೋನ್’, ‘ಓವರ್‌ಡಿಫೈನ್ಡ್’ ಎಂಬ ಸ್ಥಿತಿಗಳನ್ನಿಟ್ಟುಕೊಂಡಿದೆ. ಓದುವವರಿಗೆ ಇದು ನಿಜವಾಗಿಯೂ ಉಪಕಾರ.

ನಾವು ಎರಡನೆಯ ದಾರಿ ಹಿಡಿಯುತ್ತೇವೆ. ಫೈಲಿನ ನೆತ್ತಿಯ ಮೇಲೆ ಈ ಮೂರು ಸಾಲು ಇರಲಿ:

```
// ⊥     : ಇಲ್ಲಿಗೆ ಯಾವ ಬೆಲೆಯೂ ಬರುವುದಿಲ್ಲ
// ⊤     : ಯಾವ ಬೆಲೆಯಾದರೂ ಬರಬಹುದು
// ಕ ⊑ ಖ : ಕ ಒಪ್ಪುವ ಬೆಲೆಗಳನ್ನೆಲ್ಲ ಖ ಕೂಡ ಒಪ್ಪುತ್ತದೆ
```

ಹಂತ 2: ಇಂಟರ್‌ಫೇಸ್

```
ಇಂಟರ್‌ಫೇಸ್ ಲ್ಯಾಟಿಸ್:
    ಬಾಟಮ್()
    ಟಾಪ್()
    ಒಳಪಡುವುದೇ(ಕ, ಖ)       // ಕ ⊑ ಖ
    ಜಾಯಿನ್(ಕ, ಖ)           // ⊔
    ಮೀಟ್(ಕ, ಖ)             // ⊓
    ವೈಡನ್(ಹಳೆ, ಹೊಸ)
    ನ್ಯಾರೋ(ಹಳೆ, ಹೊಸ)       // ಇದು ಮತ್ತು ವೈಡನ್: ಹಂತ 9 ನೋಡಿ
    ಒಪ್ಪುವುದೇ(ಕ, ಬೆಲೆ)     // ಟೆಸ್ಟ್‌ಗಾಗಿ
```

ಕೊನೆಯ ಫಂಕ್ಷನನ್ನು ಅನೇಕರು ಬರೆಯುವುದೇ ಇಲ್ಲ. ವಿಶ್ಲೇಷಣೆಗೆ ಅದು ಬೇಡ, ನಿಜ. ಆದರೆ ಮೌಲ್ಯದ ಅರ್ಥವೇನು ಎಂಬುದನ್ನು ಕೋಡ್‌ನಲ್ಲಿ ಹೇಳುವ ಜಾಗ ಅದೊಂದೇ, ಮುಂದಿನ ಟೆಸ್ಟ್‌ಗಳೆಲ್ಲ ಅದರ ಮೇಲೆಯೇ ನಿಲ್ಲುತ್ತವೆ. ಮೊದಲು ಅದನ್ನೇ ಬರೆಯಿರಿ.

ಜಾಯಿನ್ ಹೊಸ ಮೌಲ್ಯ ಕೊಡಬಹುದು, ಇಲ್ಲವೇ ಹಳೆಯದನ್ನೇ ತಿದ್ದಿ ‘ಬದಲಾಯಿತೇ’ ಎಂದು ಹೇಳಬಹುದು. ರಸ್ಟ್ ಕಂಪೈಲರ್‌ನ ಡೇಟಾಫ್ಲೋ ಭಾಗ ಎರಡನೆಯದನ್ನು ಮಾಡುತ್ತದೆ. ದೊಡ್ಡ ಬಿಟ್‌ಸೆಟ್‌ಗಳಿಗೆ (ಒಂದೊಂದು ಬಿಟ್‌ನಿಂದ ಒಂದೊಂದು ಸದಸ್ಯವನ್ನು ಗುರುತಿಸುವ ಗುಂಪುಗಳಿಗೆ) ಅದು ವೇಗ. ಆದರೆ ಆ ಒಂದು ಹೌದು-ಅಲ್ಲ ಉತ್ತರದ ಮೇಲೆ ಇಡೀ ವಿಶ್ಲೇಷಣೆ ನಿಂತಿರುತ್ತದೆ. ಬದಲಾಗಿದ್ದರೂ ‘ಇಲ್ಲ’ ಎಂದರೆ ಲೆಕ್ಕ ಅರ್ಧಕ್ಕೇ ನಿಂತು ಸುಳ್ಳು ಉತ್ತರ ಬರುತ್ತದೆ. ಬದಲಾಗದಿದ್ದರೂ ‘ಹೌದು’ ಎಂದರೆ ವಿಶ್ಲೇಷಣೆ ಮುಗಿಯುವುದೇ ಇಲ್ಲ. ಚಿಕ್ಕ ಮೌಲ್ಯಗಳಿಗೆ ಹೊಸದನ್ನೇ ಕೊಡುವ ರೂಪ ಸಾಕು.

ಹಂತ 3: ಚಪ್ಪಟೆ ಲ್ಯಾಟಿಸ್

ಸ್ಥಿರಾಂಕ ಹುಡುಕುವ ಲ್ಯಾಟಿಸ್‌ಗೆ ಮೂರೇ ಮಹಡಿ: ಕೆಳಗೆ ⊥, ನಡುವೆ ಒಂದೊಂದು ಸಂಖ್ಯೆಯೂ ಬೇರೆ ಬೇರೆಯಾಗಿ, ಮೇಲೆ ⊤. ಟ್ಯಾಗ್ ಇರುವ ಯೂನಿಯನ್ ಟೈಪ್ ಇದಕ್ಕೆ ಹೇಳಿ ಮಾಡಿಸಿದಂತಿದೆ.

```
ಟೈಪ್ ಸ್ಥಿರ = ಬಾಟಮ್ | ಸಂಖ್ಯೆ(ನ) | ಟಾಪ್

ಜಾಯಿನ್(ಕ, ಖ):
    ಕ == ಬಾಟಮ್ ಆದರೆ: ಖ ಕೊಡು
    ಖ == ಬಾಟಮ್ ಆದರೆ: ಕ ಕೊಡು
    ಕ == ಖ ಆದರೆ: ಕ ಕೊಡು
    ಟಾಪ್ ಕೊಡು
```

-1 ಅಥವಾ 0ಯನ್ನು ‘ಗೊತ್ತಿಲ್ಲ’ ಎಂಬುದಕ್ಕೆ ಗುರುತಾಗಿ ಬಳಸಬೇಡಿ. ಪ್ರೋಗ್ರಾಂನಲ್ಲಿ ನಿಜವಾದ -1 ಬಂದ ದಿನ ವಿಶ್ಲೇಷಣೆ ತಪ್ಪುತ್ತದೆ.

ದಶಾಂಶ ಸಂಖ್ಯೆಗಳಿಗೆ ಇದೇ ಟೈಪ್ ಬಳಸುವುದಾದರೆ ‘ಕ == ಖ’ ಎಂಬ ಸಾಲೇ ಬಲೆ. ‘ಸಂಖ್ಯೆಯಲ್ಲ’ ಎಂಬ ವಿಶೇಷ ಬೆಲೆ, ಅಂದರೆ ನ್ಯಾನ್, ತನಗೆ ತಾನೇ ಸಮವಲ್ಲ. ಹಳೆಯದೂ ಹೊಸದೂ ನ್ಯಾನ್ ಆಗಿದ್ದರೂ ‘ಬದಲಾಗಿದೆ’ ಎಂಬ ಉತ್ತರ ಬಂದು ವರ್ಕ್‌ಲಿಸ್ಟ್ (ಮತ್ತೆ ಲೆಕ್ಕ ಹಾಕಬೇಕಾದ ಜಾಗಗಳ ಪಟ್ಟಿ) ಖಾಲಿಯಾಗದೆ ಸುತ್ತಬಹುದು. ಇತ್ತ +0 ಮತ್ತು -0 ಸಮ ಎಂದು ಬರುತ್ತವೆ. ಆದರೆ 1ನ್ನು ಅವುಗಳಿಂದ ಭಾಗಿಸಿದರೆ ಒಂದರಲ್ಲಿ ಧನ ಅನಂತ, ಇನ್ನೊಂದರಲ್ಲಿ ಋಣ ಅನಂತ. ಅವೆರಡನ್ನು ಒಂದೇ ಎಂದು ಜಾಯಿನ್ ಮಾಡಿದರೆ ಫಲಿತ ಸುಳ್ಳು. ಬೆಲೆಗಳನ್ನು ಹೋಲಿಸುವ ಬದಲು 64 ಬಿಟ್‌ಗಳನ್ನೇ ಹೋಲಿಸಿ, ಎರಡೂ ತೊಂದರೆ ಒಟ್ಟಿಗೆ ನೀಗುತ್ತವೆ.

ಇನ್ನು ಈ ಲ್ಯಾಟಿಸ್‌ನ ಮಿತಿ. ಒಂದು ಕವಲಿನಲ್ಲಿ ಅ = 2, ಆ = 3, ಇನ್ನೊಂದರಲ್ಲಿ ಅ = 3, ಆ = 2 ಎಂದಿರಲಿ. ಕವಲು ಕೂಡಿದ ಮೇಲೆ ಅ + ಆ ಯಾವಾಗಲೂ 5. ಆದರೆ ಜಾಯಿನ್ ಆದೊಡನೆ ಎರಡೂ ⊤ ಆಗಿ ಮೊತ್ತವೂ ⊤ ಆಗುತ್ತದೆ. ಇದು ಕೋಡಿನ ತಪ್ಪಲ್ಲ, ಹುಡುಕುತ್ತ ಕೂರಬೇಡಿ.

ಹಂತ 4: ಗುಂಪು ಚಿಕ್ಕದಾದರೆ ಬಿಟ್‌ಸೆಟ್

ಚಿಹ್ನೆಯ ಲ್ಯಾಟಿಸ್‌ಗೆ ಮೂರು ಬಿಟ್ ಸಾಕು: ಋಣ = 1, ಸೊನ್ನೆ = 2, ಧನ = 4. ಆಗ ⊥ = 0, ⊤ = 7. ಜಾಯಿನ್ ಎಂದರೆ ಬಿಟ್‌ಗಳ ಆರ್, ಮೀಟ್ ಎಂದರೆ ಆ್ಯಂಡ್, ಕ ⊑ ಖ ಎಂದರೆ (ಕ | ಖ) == ಖ. ಇಲ್ಲಿ ಒಂದು ಅರ್ಥಕ್ಕೆ ಎರಡು ರೂಪ ಇರಲು ಸಾಧ್ಯವೇ ಇಲ್ಲ. ಬಿಟ್‌ಸೆಟ್‌ನ ದೊಡ್ಡ ಗುಣ ವೇಗಕ್ಕಿಂತ ಇದೇ.

ಕೂಡಿಸುವುದಕ್ಕೆ 3 × 3ರ ಕೋಷ್ಟಕ ಮಾಡಿ, ಹೊತ್ತಿರುವ ಪ್ರತಿ ಜೋಡಿ ಬಿಟ್‌ಗೂ ಕೋಷ್ಟಕ ನೋಡಿ, ಬಂದದ್ದನ್ನೆಲ್ಲ ಆರ್ ಮಾಡಿ. ಕೋಷ್ಟಕ ತುಂಬುವಾಗ ಎಚ್ಚರ. ಗಣಿತದಲ್ಲಿ ಧನ + ಧನ = ಧನ. 64 ಬಿಟ್‌ನಲ್ಲಿ ಹಾಗಲ್ಲ, ಉಕ್ಕಿದರೆ ಋಣವೂ ಆಗಬಹುದು. ಆದರೆ ಮೊತ್ತ ಹೆಚ್ಚೆಂದರೆ 2⁶⁴ - 2 ಆದ್ದರಿಂದ ಸುತ್ತಿ ಬಂದರೂ ಸೊನ್ನೆಯಾಗದು. ಹಾಗಾಗಿ ಉತ್ತರ ‘ಋಣ ಅಥವಾ ಧನ’, ಅಂದರೆ 5. ಋಣ + ಋಣದಲ್ಲಿ ಕನಿಷ್ಠ ಬೆಲೆಗೆ ಕನಿಷ್ಠ ಬೆಲೆ ಕೂಡಿದರೆ ಸರಿಯಾಗಿ ಸೊನ್ನೆ ಬರುತ್ತದೆ. ಆದ್ದರಿಂದ ಅಲ್ಲಿ ಉತ್ತರ 7. ಗಣಿತ ಪುಸ್ತಕದ ಕೋಷ್ಟಕವನ್ನು ಹಾಗೆಯೇ ಇಳಿಸಿದ ವಿಶ್ಲೇಷಣೆ ಭಾಜಕ ಸೊನ್ನೆಯಾಗುವುದನ್ನು ಹಿಡಿಯದೆ ಬಿಡುತ್ತದೆ.

ಹಂತ 5: ವ್ಯಾಪ್ತಿ

[ಕೆಳ, ಮೇಲ] ಎಂಬ ಜೋಡಿ ಬರೆಯಲು ಸುಲಭ, ಕೆಡಿಸಲು ಇನ್ನೂ ಸುಲಭ. ಮೊದಲ ಪ್ರಶ್ನೆ: ⊥ಗೆ ಯಾವ ರೂಪ? ‘ಕೆಳ > ಮೇಲ ಆದರೆ ಖಾಲಿ’ ಎಂದು ಬಿಟ್ಟುಬಿಟ್ಟರೆ [5, 3] ಕೂಡ ಖಾಲಿ, [1, 0] ಕೂಡ ಖಾಲಿ. ಅರ್ಥ ಒಂದೇ, ರೂಪ ಬೇರೆ. ಸಮತೆಯ ಪರೀಕ್ಷೆ ‘ಬದಲಾಗಿದೆ’ ಎನ್ನುತ್ತದೆ, ಹ್ಯಾಷ್ ಟೇಬಲ್‌ನಲ್ಲಿ ಎರಡು ಕಡೆ ಕೂರುತ್ತದೆ.

ಖಾಲಿಯನ್ನು [ಗರಿಷ್ಠ, ಕನಿಷ್ಠ] ಎಂದಿಡುವ ಜಾಣತನವೂ ಚಾಲ್ತಿಯಲ್ಲಿದೆ. ಆಗ ಜಾಯಿನ್‌ಗೆ ಬೇರೆ ಕವಲು ಬೇಡ, ಕೆಳಗಳಲ್ಲಿ ಚಿಕ್ಕದು, ಮೇಲಗಳಲ್ಲಿ ದೊಡ್ಡದು ತೆಗೆದುಕೊಂಡರಾಯಿತು. ಆದರೆ ಅಂಥ ⊥ಗೆ ⊤ ಕೂಡಿಸಿ ನೋಡಿ: ಗರಿಷ್ಠ + ಕನಿಷ್ಠ = -1, ಇನ್ನೊಂದು ತುದಿಯಲ್ಲೂ -1. ಯಾರೂ ತಲುಪದ ಕೋಡ್‌ನಿಂದ [-1, -1] ಎಂಬ ಮೌಲ್ಯ ಎದ್ದು ಬರುತ್ತದೆ! ಆದ್ದರಿಂದ ಖಾಲಿಗೆ ಬೇರೆ ಟ್ಯಾಗ್ ಕೊಡಿ. ವ್ಯಾಪ್ತಿ ಹುಟ್ಟುವ ದಾರಿ ಒಂದೇ ಇರಲಿ:

```
ಟೈಪ್ ವ್ಯಾಪ್ತಿ = ಖಾಲಿ | ಜೋಡಿ(ಕೆಳ, ಮೇಲ)

ಕಟ್ಟು(ಕೆಳ, ಮೇಲ):
    ಕೆಳ > ಮೇಲ ಆದರೆ: ಖಾಲಿ ಕೊಡು
    ಜೋಡಿ(ಕೆಳ, ಮೇಲ) ಕೊಡು

ಕೂಡಿಸು(ಕ, ಖ):
    ಕ ಅಥವಾ ಖ ಖಾಲಿ ಆದರೆ: ಖಾಲಿ ಕೊಡು
    ಕೆಳ = ಅಗಲ128(ಕ.ಕೆಳ) + ಅಗಲ128(ಖ.ಕೆಳ)
    ಮೇಲ = ಅಗಲ128(ಕ.ಮೇಲ) + ಅಗಲ128(ಖ.ಮೇಲ)
    ಕೆಳ < ಕನಿಷ್ಠ ಅಥವಾ ಮೇಲ > ಗರಿಷ್ಠ ಆದರೆ: ಟಾಪ್() ಕೊಡು
    ಕಟ್ಟು(ಕೆಳ, ಮೇಲ) ಕೊಡು
```

‘ಜೋಡಿ’ಯನ್ನು ಮಾಡ್ಯೂಲ್‌ನ ಹೊರಗಿನವರು ನೇರವಾಗಿ ಕರೆಯದಂತೆ ಮುಚ್ಚಿಡಿ. ಮೀಟ್ ಬರೆಯುವಾಗ ಇದರ ಲಾಭ ಗೊತ್ತಾಗುತ್ತದೆ: ಕೆಳಗಳಲ್ಲಿ ದೊಡ್ಡದು, ಮೇಲಗಳಲ್ಲಿ ಚಿಕ್ಕದು ಕೊಟ್ಟು ‘ಕಟ್ಟು’ ಕರೆದರೆ ಸಾಕು, ಒಂದನ್ನೊಂದು ಮುಟ್ಟದ ವ್ಯಾಪ್ತಿಗಳು ತಾವಾಗಿಯೇ ಖಾಲಿಯಾಗುತ್ತವೆ.

ಗುಣಾಕಾರಕ್ಕೆ ನಾಲ್ಕು ಮೂಲೆಗಳ ಗುಣಲಬ್ಧ ತೆಗೆದು ಚಿಕ್ಕದು, ದೊಡ್ಡದು ಆರಿಸಿ. 2⁶³ × 2⁶³ = 2¹²⁶, ಆದ್ದರಿಂದ 128 ಬಿಟ್ ಸಾಲುತ್ತದೆ. ಭಾಗಾಕಾರದಲ್ಲಿ ಭಾಜಕವನ್ನು ಸೊನ್ನೆಯ ಎರಡು ಪಕ್ಕಕ್ಕೆ ಸೀಳಿ ಬೇರೆ ಬೇರೆ ಮಾಡಿ ಜಾಯಿನ್ ಮಾಡಬೇಕು. ಕನಿಷ್ಠವನ್ನು -1ರಿಂದ ಭಾಗಿಸಿದಾಗಲೂ ಉಕ್ಕುತ್ತದೆ ಎಂಬುದನ್ನು ಮರೆಯಬೇಡಿ.

ಸುತ್ತಿ ಬರುವ ವ್ಯಾಪ್ತಿಗಳನ್ನೂ ಹಿಡಿದಿಡೋಣ ಎನಿಸಬಹುದು. ಎಲ್‌ಎಲ್‌ವಿಎಂನ ‘ಕಾನ್‌ಸ್ಟಂಟ್‌ರೇಂಜ್’ ಹಾಗೇ ಇದೆ: ಕೆಳ ತುದಿ ಸೇರಿ, ಮೇಲ ತುದಿ ಬಿಟ್ಟು. ಎರಡು ತುದಿ ಸಮವಾದರೆ ಅರ್ಥ ಸಂದಿಗ್ಧವಾಗುತ್ತದೆ ಎಂದು, ಎರಡೂ ಚಿಹ್ನೆರಹಿತ ಗರಿಷ್ಠವಾದರೆ ‘ಪೂರ್ತಿ’, ಎರಡೂ ಸೊನ್ನೆಯಾದರೆ ‘ಖಾಲಿ’, ಬೇರೆ ಸಮಜೋಡಿ ಕೂಡದು ಎಂದು ಅವರು ಕಟ್ಟುಮಾಡಿದ್ದಾರೆ. ಒಂದು ಅರ್ಥಕ್ಕೆ ಒಂದೇ ರೂಪ ಎಂಬುದಕ್ಕೆ ಒಳ್ಳೆಯ ಮಾದರಿ. ಆದರೆ ಇದು ಲ್ಯಾಟಿಸ್ ಅಲ್ಲ. 4 ಬಿಟ್‌ನಲ್ಲಿ 0 ಮತ್ತು 8 ಎರಡನ್ನೂ ಒಳಗೊಳ್ಳಲು 0ಯಿಂದ 8ರವರೆಗೆ ಹೋಗಬಹುದು, 8ರಿಂದ ಸುತ್ತಿ 0ಯವರೆಗೂ ಹೋಗಬಹುದು. ಎರಡರಲ್ಲೂ 9 ಬೆಲೆ, ಯಾವುದೂ ಇನ್ನೊಂದರೊಳಗೆ ಇಲ್ಲ. ಅತಿ ಚಿಕ್ಕ ಮೇಲ್ಮಿತಿ ಒಂದೇ ಇಲ್ಲದಿರುವುದರಿಂದ, ಮೂರು ವ್ಯಾಪ್ತಿಗಳನ್ನು ಬೇರೆ ಕ್ರಮದಲ್ಲಿ ಸೇರಿಸಿದರೆ ಬೇರೆ ಉತ್ತರ ಬರಬಹುದು. ಬಳಸಬಾರದು ಎಂದಲ್ಲ. ಕ್ರಮ ಬದಲಾದರೂ ಉತ್ತರ ಅದೇ ಎಂದು ನಂಬಿ ಬೇರೆ ಕೋಡ್ ಬರೆಯಬಾರದು, ಅಷ್ಟೇ.

ಹಂತ 6: ಬಿಟ್‌ಗಳ ಜ್ಞಾನ

ಲಿನಕ್ಸ್ ಕರ್ನಲ್‌ನ ಇಬಿಪಿಎಫ್ ವೆರಿಫೈಯರ್, ಬಳಕೆದಾರರು ಕೊಟ್ಟ ಚಿಕ್ಕ ಪ್ರೋಗ್ರಾಂ ಕರ್ನಲ್‌ನೊಳಗೆ ಓಡಲು ಯೋಗ್ಯವೇ ಎಂದು ಮೊದಲೇ ನೋಡುತ್ತದೆ. ಅದರಲ್ಲಿ ‘ಟಿನಮ್’ ಎಂಬ ಮೌಲ್ಯವಿದೆ. ಎರಡು 64 ಬಿಟ್ ಪದಗಳು: ‘ಬೆಲೆ’ ಮತ್ತು ‘ಮುಸುಕು’. ಮುಸುಕಿನ ಬಿಟ್ 1 ಇದ್ದಲ್ಲಿ ಆ ಬಿಟ್ ಗೊತ್ತಿಲ್ಲ, 0 ಇದ್ದಲ್ಲಿ ‘ಬೆಲೆ’ಯಲ್ಲಿರುವುದೇ ನಿಜ. ನಿಯಮ: ಬೆಲೆ & ಮುಸುಕು == 0. ಗೊತ್ತಿಲ್ಲದ ಜಾಗದಲ್ಲಿ ‘ಬೆಲೆ’ ಯಾವಾಗಲೂ 0 ಇರಬೇಕೆಂಬ ಈ ನಿಯಮವಿಲ್ಲದಿದ್ದರೆ ಇಲ್ಲೂ ಒಂದು ಅರ್ಥಕ್ಕೆ ಹಲವು ರೂಪ ಬಂದುಬಿಡುತ್ತಿತ್ತು.

```
ಜಾಯಿನ್(ಕ, ಖ):
    ಮು = ಕ.ಮುಸುಕು | ಖ.ಮುಸುಕು | (ಕ.ಬೆಲೆ ^ ಖ.ಬೆಲೆ)   // ^ ಎಂದರೆ ಎಕ್ಸ್ಆರ್: ಬಿಟ್‌ಗಳು ಬೇರೆಯಾದಲ್ಲಿ 1
    ಟಿನಮ್(ಕ.ಬೆಲೆ & ~ಮು, ಮು) ಕೊಡು

ಕೂಡಿಸು(ಕ, ಖ):
    ಮೊತ್ತಮು = ಕ.ಮುಸುಕು + ಖ.ಮುಸುಕು
    ಮೊತ್ತಬೆ = ಕ.ಬೆಲೆ + ಖ.ಬೆಲೆ
    ವ್ಯತ್ಯಾಸ = (ಮೊತ್ತಮು + ಮೊತ್ತಬೆ) ^ ಮೊತ್ತಬೆ
    ಮು = ವ್ಯತ್ಯಾಸ | ಕ.ಮುಸುಕು | ಖ.ಮುಸುಕು
    ಟಿನಮ್(ಮೊತ್ತಬೆ & ~ಮು, ಮು) ಕೊಡು
```

ಕೈಯಲ್ಲಿ ಒಮ್ಮೆ ಮಾಡಿ ನೋಡಿ. ಕ = 1, ಖ = ಕೊನೆಯ ಬಿಟ್ ಮಾತ್ರ ಗೊತ್ತಿಲ್ಲದ್ದು. ಮೊತ್ತಮು 1, ಮೊತ್ತಬೆ 1, ವ್ಯತ್ಯಾಸ 2 ^ 1 = 3, ಮು 3. ಕೊನೆಯ ಎರಡೂ ಬಿಟ್ ಗೊತ್ತಿಲ್ಲ ಎಂದಾಯಿತು. ನಿಜವಾದ ಮೊತ್ತ 1 ಅಥವಾ 2, ಅಂದರೆ 01 ಅಥವಾ 10. ಎರಡೂ ಬಿಟ್ ಬದಲಾಗುತ್ತವೆ, ಉತ್ತರ ಸರಿ. ಕವಲೂ ಇಲ್ಲದೆ, ಲೂಪೂ ಇಲ್ಲದೆ ಕ್ಯಾರಿ ಎಲ್ಲೆಲ್ಲಿ ಹಬ್ಬಬಹುದೆಂದು ಹೇಳುವ ಈ ಐದು ಸಾಲು ಬಹಳ ಸುಂದರ.

ಹಂತ 7: ಎರಡು ಲ್ಯಾಟಿಸ್ ಜೋಡಿಸುವುದು

[3, 7] ಎಂದು ವ್ಯಾಪ್ತಿ ಹೇಳುತ್ತದೆ, ‘ಸಮಸಂಖ್ಯೆ’ ಎಂದು ಬಿಟ್‌ಗಳು ಹೇಳುತ್ತವೆ. ಸುಮ್ಮನೆ ಜೋಡಿಯಾಗಿಟ್ಟರೆ ಎರಡಕ್ಕೂ ಪರಸ್ಪರ ಮಾತಿಲ್ಲ. ಒಂದರಿಂದ ಇನ್ನೊಂದನ್ನು ಬಿಗಿಗೊಳಿಸಿದರೆ [4, 6] ಸಿಗುತ್ತದೆ. ಈ ಬಿಗಿಗೊಳಿಸುವ ಫಂಕ್ಷನ್ ಒಂದೇ ಇರಲಿ, ಪ್ರತಿ ಲೆಕ್ಕದ ಕೊನೆಯಲ್ಲಿ ಅದೇ ನಡೆಯಲಿ. [5, 5] ಮತ್ತು ‘ಸಮ’ ಸಂಧಿಸಿದರೆ ಎರಡೂ ಭಾಗ ⊥ ಆಗಬೇಕು. ಒಂದು ⊥ ಆಗಿ ಇನ್ನೊಂದು ಉಳಿದರೆ ಮತ್ತೆ ಅದೇ ರೋಗ.

ಇಲ್ಲಿ ತಪ್ಪಿದರೆ ದಂಡ ದೊಡ್ಡದು. ಇಬಿಪಿಎಫ್ ವೆರಿಫೈಯರ್ ಪ್ರತಿ ರಿಜಿಸ್ಟರ್‌ಗೂ ಟಿನಮ್ ಜೊತೆಗೆ ಚಿಹ್ನೆಯುಳ್ಳ, ಚಿಹ್ನೆಯಿಲ್ಲದ ಮಿತಿಗಳನ್ನು ಇಟ್ಟುಕೊಂಡು ಒಂದರಿಂದೊಂದಕ್ಕೆ ತಿಳಿವು ಸಾಗಿಸುತ್ತದೆ. 32 ಬಿಟ್ ಲೆಕ್ಕದ ಮಿತಿಗಳನ್ನು ಹಾಗೆ ಸಾಗಿಸುವಲ್ಲಿ ಆದ ತಪ್ಪು 2020ರಲ್ಲಿ ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2020-8835 ಎಂದು ದಾಖಲಾಯಿತು. ನಿಜವಾಗಿ ಬರಬಹುದಾದ ಬೆಲೆಯನ್ನು ವೆರಿಫೈಯರ್ ‘ಬರದು’ ಎಂದು ನಂಬಿತು, ಕರ್ನಲ್ ಮೆಮೊರಿಯ ಮಿತಿ ಮೀರಿ ಓದಲು, ಬರೆಯಲು ದಾರಿಯಾಯಿತು. ಬಿಗಿಗೊಳಿಸುವ ಕೋಡ್‌ನ ಪ್ರತಿ ಸಾಲೂ ‘ಈ ಬೆಲೆಗಳು ಬರುವುದಿಲ್ಲ’ ಎಂಬ ಪ್ರಮಾಣ. ಕಣ್ಣಳತೆಯಲ್ಲಿ ಒಪ್ಪಬೇಡಿ, ಹಂತ 10ರ ಟೆಸ್ಟ್ ಓಡಿಸಿಯೇ ಒಪ್ಪಿ.

ಹಂತ 8: ಎಲ್ಲ ವೇರಿಯಬಲ್‌ಗಳ ನಕ್ಷೆ

ಪ್ರೋಗ್ರಾಂನ ಒಂದೊಂದು ಜಾಗಕ್ಕೂ ‘ವೇರಿಯಬಲ್ → ಮೌಲ್ಯ’ ಎಂಬ ಮ್ಯಾಪ್ ಬೇಕು. ಮ್ಯಾಪ್‌ನಲ್ಲಿ ಹೆಸರೇ ಇಲ್ಲದ ವೇರಿಯಬಲ್‌ಗೆ ಏನರ್ಥ ಎಂಬುದನ್ನು ಮೊದಲೇ ತೀರ್ಮಾನಿಸಿ. ‘ಇಲ್ಲದಿದ್ದರೆ ⊤’ ಎಂದಾದರೆ ಜಾಯಿನ್‌ನಲ್ಲಿ ಎರಡೂ ಕಡೆ ಇರುವ ಹೆಸರುಗಳು ಮಾತ್ರ ಉಳಿಯುತ್ತವೆ, ⊤ ಬಂದ ಕೂಡಲೇ ಹೆಸರನ್ನು ತೆಗೆದುಹಾಕಬೇಕು. ‘ಇಲ್ಲದಿದ್ದರೆ ⊥’ ಎಂದಾದರೆ ಎರಡೂ ಕಡೆಯ ಹೆಸರುಗಳೆಲ್ಲ ಉಳಿಯುತ್ತವೆ. ನಾವು ಮೊದಲನೆಯದನ್ನು ಮೆಚ್ಚುತ್ತೇವೆ, ಮ್ಯಾಪ್ ಚಿಕ್ಕದಾಗಿರುತ್ತದೆ.

ಆಗ ಒಂದು ಅಪಾಯ ಕಾದಿರುತ್ತದೆ. ಇನ್ನೂ ಭೇಟಿಯಾಗದ ಬ್ಲಾಕ್‌ಗೆ (ನಡುವೆ ಕವಲಿಲ್ಲದ ಕೋಡ್ ತುಂಡಿಗೆ) ಖಾಲಿ ಮ್ಯಾಪ್ ಕೊಟ್ಟರೆ ಅದು ‘ಎಲ್ಲವೂ ⊤’ ಎಂದಾಗಿ, ಲೂಪ್‌ನ ಹಿಂದುಗಡೆಯ ಅಂಚಿನಿಂದ ಬಂದು ಮೊದಲ ಸುತ್ತಿನಲ್ಲೇ ಗೊತ್ತಿದ್ದುದನ್ನೆಲ್ಲ ಅಳಿಸಿಬಿಡುತ್ತದೆ. ಆದ್ದರಿಂದ:

```
ಟೈಪ್ ಸ್ಥಿತಿ = ತಲುಪದ್ದು | ಮ್ಯಾಪ್(ಹೆಸರು → ಮೌಲ್ಯ)
```

ಯಾವುದೇ ವೇರಿಯಬಲ್ ⊥ ಆದರೆ ಇಡೀ ಸ್ಥಿತಿ ‘ತಲುಪದ್ದು’ ಆಗಲಿ. ಒಂದು ವೇರಿಯಬಲ್‌ಗೆ ಯಾವ ಬೆಲೆಯೂ ಸಾಧ್ಯವಿಲ್ಲದ ಜಾಗಕ್ಕೆ ಪ್ರೋಗ್ರಾಂ ಬರುವುದೇ ಇಲ್ಲ.

ವೇರಿಯಬಲ್‌ಗಳು ಸಾವಿರ ದಾಟಿದರೆ ಪ್ರತಿ ಸಾಲಿಗೂ ಮ್ಯಾಪ್ ನಕಲು ಮಾಡುವುದು ದುಬಾರಿ. ರಚನೆಯನ್ನು ಹಂಚಿಕೊಳ್ಳುವ, ಬದಲಾಯಿಸಲಾಗದ ಟ್ರೀ ಬಳಸಿ. ಜಾಯಿನ್‌ನಲ್ಲಿ ಎರಡು ಕಡೆಯ ಉಪವೃಕ್ಷಗಳ ಪಾಯಿಂಟರ್ ಒಂದೇ ಆಗಿದ್ದರೆ ಒಳಗೆ ಇಳಿಯದೆ ಅದನ್ನೇ ಹಿಂದಿರುಗಿಸಿ. ಕ ⊔ ಕ = ಕ ಎಂಬ ನಿಯಮವೇ ಇದಕ್ಕೆ ಅನುಮತಿ ಪತ್ರ. ಜಾಯಿನ್‌ನ ಫಲ ಎಡಗಡೆಯದಕ್ಕೇ ಸಮವಾದಾಗ ಹೊಸ ನೋಡ್ ಮಾಡದೆ ಎಡಗಡೆಯ ಪಾಯಿಂಟರನ್ನೇ ಕೊಡಿ, ಇಲ್ಲದಿದ್ದರೆ ಹಂಚಿಕೆ ನಿಧಾನವಾಗಿ ಕರಗಿಹೋಗುತ್ತದೆ.

ಹಂತ 9: ವೈಡನಿಂಗ್

```
ಎಣಿಕೆ = 0
ಎಣಿಕೆ < 100 ಇರುವವರೆಗೆ:
    ಎಣಿಕೆ = ಎಣಿಕೆ + 1
```

ಲೂಪ್‌ನ ಬಾಗಿಲಲ್ಲಿ ಬರೀ ಜಾಯಿನ್ ಮಾಡಿದರೆ [0, 0], [0, 1], [0, 2] ಎಂದು ನೂರು ಮೆಟ್ಟಿಲು ಹತ್ತಬೇಕು. 100ರ ಜಾಗದಲ್ಲಿ ದೊಡ್ಡ ಸಂಖ್ಯೆಯಿದ್ದರೆ ಆಯುಷ್ಯ ಸಾಲದು. ವೈಡನಿಂಗ್ ಬೆಳೆಯುತ್ತಿರುವ ತುದಿಯನ್ನು ಒಮ್ಮೆಗೇ ಕೊನೆಗೆ ತಳ್ಳುತ್ತದೆ:

```
ವೈಡನ್(ಹಳೆ, ಹೊಸ):
    ಹಳೆ ಖಾಲಿ ಆದರೆ: ಹೊಸ ಕೊಡು
    ಹೊಸ ಖಾಲಿ ಆದರೆ: ಹಳೆ ಕೊಡು
    ಕೆಳ = ಹೊಸ.ಕೆಳ < ಹಳೆ.ಕೆಳ ಆದರೆ ಕನಿಷ್ಠ, ಇಲ್ಲವಾದರೆ ಹಳೆ.ಕೆಳ
    ಮೇಲ = ಹೊಸ.ಮೇಲ > ಹಳೆ.ಮೇಲ ಆದರೆ ಗರಿಷ್ಠ, ಇಲ್ಲವಾದರೆ ಹಳೆ.ಮೇಲ
    ಕಟ್ಟು(ಕೆಳ, ಮೇಲ) ಕೊಡು
```

ಬಾಗಿಲಲ್ಲಿ [0, 0] ಇದ್ದದ್ದು [0, ಗರಿಷ್ಠ] ಆಗುತ್ತದೆ. ಒಳಗೆ ಹೋಗುವಾಗ ಷರತ್ತು ಅದನ್ನು [0, 99]ಕ್ಕೆ ಮೀಟ್ ಮಾಡುತ್ತದೆ, ಕೂಡಿಸಿದರೆ [1, 100]. ಇದಕ್ಕೆ ಮೊದಲಿನ [0, 0] ಜಾಯಿನ್ ಮಾಡಿದರೆ [0, 100]. ಈಗ ನ್ಯಾರೋಯಿಂಗ್: ಕೊನೆಗೆ ತಳ್ಳಿದ್ದ ತುದಿಗಳನ್ನು ಮಾತ್ರ ಹೊಸ ತುದಿಯಿಂದ ಬದಲಿಸಿ. ಬಾಗಿಲಲ್ಲಿ [0, 100], ಹೊರಬರುವಲ್ಲಿ [100, 100]. ಷರತ್ತಿನಿಂದ ಮೀಟ್ ಮಾಡುವ ಭಾಗ ಬರೆಯದಿದ್ದರೆ [0, ಗರಿಷ್ಠ] + 1 ಉಕ್ಕಿ ⊤ ಆಗಿ, 0 ಎಂಬ ಕೆಳ ತುದಿಯೂ ಕೈಬಿಟ್ಟುಹೋಗುತ್ತದೆ.

ವೈಡನಿಂಗ್‌ಗೆ ಎಡ, ಬಲ ಬೇರೆ ಬೇರೆ. ಹಳೆಯದು ಎಡಕ್ಕೇ ಬರಬೇಕು, ಅದಕ್ಕೇ ಆರ್ಗ್ಯುಮೆಂಟ್‌ಗಳಿಗೆ ‘ಕ, ಖ’ ಎಂದಿಡದೆ ‘ಹಳೆ, ಹೊಸ’ ಎಂದಿಟ್ಟಿದ್ದು. ಪ್ರತಿ ಲೂಪ್‌ಗೆ ಒಂದು ಜಾಗದಲ್ಲಿ ಮಾತ್ರ ಮಾಡಿ, ಎಲ್ಲ ಕಡೆ ಮಾಡಿದರೆ ನಿಖರತೆ ಸುಮ್ಮನೆ ಹಾಳು. ಮೊದಲ 2 ಅಥವಾ 3 ಸುತ್ತು ಬರೀ ಜಾಯಿನ್ ಮಾಡಿ ನಂತರ ಶುರು ಮಾಡುವುದು ಒಳ್ಳೆಯದು. ಒಮ್ಮೆಗೇ ಗರಿಷ್ಠಕ್ಕೆ ಹಾರುವ ಬದಲು -1, 0, 1 ಮತ್ತು ಪ್ರೋಗ್ರಾಂನಲ್ಲಿರುವ ಸ್ಥಿರಾಂಕಗಳ ವಿಂಗಡಿಸಿದ ಪಟ್ಟಿಯಲ್ಲಿ ಮುಂದಿನದಕ್ಕೆ ಹಾರಿಸಬಹುದು. ಪಟ್ಟಿ ಮುಗಿಯುವಂಥದ್ದಾದ್ದರಿಂದ ವಿಶ್ಲೇಷಣೆಯೂ ಮುಗಿಯುತ್ತದೆ. ಹಂತ 7ರ ಬಿಗಿಗೊಳಿಸುವಿಕೆಯನ್ನು ಮಾತ್ರ ವೈಡನಿಂಗ್‌ನ ಫಲದ ಮೇಲೆ ನಡೆಸಿ ಅದನ್ನೇ ‘ಹಳೆ’ ಎಂದು ಉಳಿಸಬೇಡಿ. ವೈಡನಿಂಗ್ ಬಿಟ್ಟುಕೊಟ್ಟ ತುದಿಯನ್ನು ಅದು ಮತ್ತೆ ಹಿಂದೆಳೆದರೆ ಇಬ್ಬರ ಹಗ್ಗಜಗ್ಗಾಟ ಮುಗಿಯದೇ ಹೋಗಬಹುದು.

ಹಂತ 10: ಎಲ್ಲವನ್ನೂ 4 ಬಿಟ್‌ನಲ್ಲಿ ಅರೆದು ನೋಡಿ

ಬಿಟ್‌ಗಳ ಸಂಖ್ಯೆಯನ್ನು ಕೋಡ್‌ನಲ್ಲಿ 64 ಎಂದು ಕೊರೆಯದೆ ಪ್ಯಾರಾಮೀಟರ್ ಮಾಡಿ. ಈ ಒಂದು ನಿರ್ಧಾರ ಮುಂದಿನ ಎಲ್ಲ ಶ್ರಮ ಉಳಿಸುತ್ತದೆ. 4 ಬಿಟ್‌ನಲ್ಲಿ ಖಾಲಿಯೂ ಸೇರಿ ವ್ಯಾಪ್ತಿಗಳು 137 ಮಾತ್ರ, ಟಿನಮ್‌ಗಳು 81. ಯಾದೃಚ್ಛಿಕ ಟೆಸ್ಟ್ ಬೇಕಾಗಿಯೇ ಇಲ್ಲ, ಎಲ್ಲವನ್ನೂ ಓಡಿಸಬಹುದು. ವ್ಯಾಪ್ತಿಗಳ ತ್ರಿವಳಿಗಳೆಲ್ಲ ಸೇರಿ 25,71,353. ಸೆಕೆಂಡುಗಳ ಕೆಲಸ.

ಜಾಯಿನ್‌ನ ಕ್ರಮ, ಗುಂಪು, ಪುನರಾವರ್ತನೆ ನಿಯಮಗಳನ್ನು ನೋಡಿ. ಕ ⊑ ಖ ಎಂಬ ಉತ್ತರವೂ (ಕ ⊔ ಖ) == ಖ ಎಂಬ ಉತ್ತರವೂ ಎಲ್ಲ ಜೋಡಿಗಳಲ್ಲೂ ಒಂದೇ ಇರಬೇಕು. ಎರಡನ್ನೂ ಬೇರೆ ಬೇರೆ ಬರೆದಿರುವುದರಿಂದ ಒಂದರ ತಪ್ಪನ್ನು ಇನ್ನೊಂದು ಹಿಡಿಯುತ್ತದೆ. ಒಂದೇ ಬೆಲೆಗಳನ್ನು ಒಪ್ಪುವ ಎರಡು ಮೌಲ್ಯ ಸಿಕ್ಕರೆ ಅವು ಸಮವಾಗಿರಲೇಬೇಕು. ಒಂದು ಅರ್ಥಕ್ಕೆ ಒಂದೇ ರೂಪ ಎಂಬುದರ ಟೆಸ್ಟ್ ಇದೇ, ಬರೆಯಲು ನಾಲ್ಕು ಸಾಲು.

ಆಮೇಲೆ ಮುಖ್ಯವಾದದ್ದು:

```
ಪ್ರತಿ ಕ, ಖ ಮೌಲ್ಯಗಳಿಗೆ:
    ಫಲ = ಕೂಡಿಸು(ಕ, ಖ)
    ಕ ಒಪ್ಪುವ ಪ್ರತಿ ಅ, ಖ ಒಪ್ಪುವ ಪ್ರತಿ ಆ ಬೆಲೆಗಳಿಗೆ:
        ಒಪ್ಪುವುದೇ(ಫಲ, ಸುತ್ತು(ಅ + ಆ)) ನಿಜವಿರಬೇಕು
```

18,769 ಜೋಡಿ, ಒಂದೊಂದಕ್ಕೆ ಹೆಚ್ಚೆಂದರೆ 256 ಮೊತ್ತ, ಒಟ್ಟು 49 ಲಕ್ಷದ ಒಳಗೆ. ಕೂಡಿಸು ಮಾತ್ರವಲ್ಲ, ಪ್ರತಿ ಆಪರೇಷನ್‌ಗೂ, ಬಿಗಿಗೊಳಿಸುವ ಫಂಕ್ಷನ್‌ಗೂ ಇದನ್ನೇ ಮಾಡಿ. ಹಂತ 4ರ ‘ಋಣ + ಋಣ = ಋಣ’ ಎಂಬ ತಪ್ಪು ಇಲ್ಲಿ ಮೊದಲ ಓಟಕ್ಕೇ -8 + -8 = 0 ಎಂದು ಸಿಕ್ಕಿಬೀಳುತ್ತದೆ.

ಟೆಸ್ಟ್ ದಾಟಿದ ಮೇಲೂ ಪೂರ್ತಿ ವಿಶ್ಲೇಷಣೆ ಮೊಂಡುಬಿದ್ದರೆ ಲೂಪ್‌ನ ಬಾಗಿಲಿನ ಮೌಲ್ಯವನ್ನು ಸುತ್ತು ಸುತ್ತಿಗೂ ಅಚ್ಚು ಹಾಕಿಸಿ. ಒಂದೇ ಪಠ್ಯ ಮತ್ತೆ ಮತ್ತೆ ಬರುತ್ತಿದ್ದರೆ ಸಮತೆಯ ಪರೀಕ್ಷೆ ಕೆಟ್ಟಿದೆ. ಎರಡು ಮೌಲ್ಯಗಳ ನಡುವೆ ತೂಗಾಡುತ್ತಿದ್ದರೆ ಹಳೆಯದರ ಜೊತೆ ಜಾಯಿನ್ ಮಾಡುವ ಬದಲು ಅದರ ಮೇಲೆಯೇ ಬರೆಯುತ್ತಿದ್ದೀರಿ. ಒಂದೊಂದೇ ಮೆಟ್ಟಿಲು ಏರುತ್ತಿದ್ದರೆ ವೈಡನಿಂಗ್ ಆ ಲೂಪನ್ನು ಮುಟ್ಟುತ್ತಿಲ್ಲ. ಎಲ್ಲೆಲ್ಲೂ ⊤ ಕಂಡರೆ ‘ತಲುಪದ್ದು’ ಎಂಬುದಕ್ಕೆ ಖಾಲಿ ಮ್ಯಾಪ್ ನುಸುಳಿದೆಯೇ ನೋಡಿ. ಎಲ್ಲೆಲ್ಲೂ ‘ತಲುಪದ್ದು’ ಎಂದೇ ಬಂದರೆ ಫಂಕ್ಷನ್‌ನ ಪ್ರವೇಶದ ಬ್ಲಾಕ್ ನೋಡಿ: ಅದರ ಪ್ಯಾರಾಮೀಟರ್‌ಗಳು ⊤ ಇಂದ ಶುರುವಾಗಬೇಕಿತ್ತು, ⊥ ಇಂದ ಶುರುವಾಗಿವೆ.